ಬಡಗಿ ಕೂರಿಸಿದ ಬಾಗಿಲು

ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ ಎಂದು ಸಮಾಜ ಕಾರ್ಯಕರ್ತೆ ಆರು ವರ್ಷಗಳ ಹಿಂದೆ ಬೀದಿಯವರಿಗೆಲ್ಲ ಮಾತು ಕೊಟ್ಟಿದ್ದಳು. ಅವಳ ಸಲಹಾ ಕೋಣೆಯ ಖರ್ಚು ನೋಡಿಕೊಳ್ಳುತ್ತಿದ್ದದ್ದು ಬೀದಿಯವರ ಸಂಘ. ಬಾಗಿಲು ಮಾಡಿಕೊಟ್ಟ ಬಡಗಿಯೇ ಅದರ ಅಧ್ಯಕ್ಷ. ಈಗ ಅವನೇ ಹೊಸ್ತಿಲಲ್ಲಿ ನಿಂತಿದ್ದ.

"ನನ್ನ ಮಗಳು ನಿಮ್ಮ ಹತ್ರ ಬಂದು ಏನು ಹೇಳ್ತಾಳಮ್ಮಾ? ಮನೇಲಿ ನನ್ನ ಜೊತೆ ತುಟಿ ಬಿಚ್ಚಲ್ಲ."

"ಅದನ್ನ ಅವಳನ್ನೇ ಕೇಳಿ, ಅಣ್ಣಾ."

"ನಾಳೆ ಸಂಘದ ಸಭೆ ಇದೆ. ಈ ಕೋಣೆ ಇರಬೇಕೋ ಬೇಡ್ವೋ ಅಂತ ನನ್ನನ್ನೇ ಕೇಳ್ತಾರೆ, ಗೊತ್ತಲ್ಲ?"

ಅವಳು ಬಾಗಿಲಿನ ಅಂಚಿಗೆ ಅಂಟಿಸಿದ್ದ ದಪ್ಪ ಬಟ್ಟೆಯ ಪಟ್ಟಿಯನ್ನು ತೋರಿಸಿದಳು. "ಸದ್ದು ಹೊರಗೆ ಹೋಗಬಾರದು ಅಂತ ಇದನ್ನ ಅಂಟಿಸಿದ್ದು ನೀವೇ ಅಲ್ವಾ?"

ಬಡಗಿ ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಒಳಗೆ ಬಂದ, ತಾನೇ ಬಾಗಿಲೆಳೆದುಕೊಂಡು ಕೂತ. "ಗಟ್ಟಿಯಾಗೇ ಮಾಡಿದೀನಿ, ಹಾಳಾದ್ದು. ಹಾಗಾದ್ರೆ ನನ್ನ ಮಾತೂ ಹೊರಗೆ ಹೋಗಲ್ಲ ತಾನೆ?"

"ಹೋಗಲ್ಲ, ಅಣ್ಣಾ," ಎಂದು ಅವಳು ಅವನೆದುರು ಕೂತಳು.

ಸಭೆಯಲ್ಲಿ ಕೋಣೆ ಉಳಿಯಿತು. ಮರುವಾರ ಮಗಳು ಬಂದವಳೇ ಕೇಳಿದಳು: "ಅಕ್ಕಾ, ಅವತ್ತು ಅಪ್ಪ ಒಳಗೆ ಕೂತು ಏನಂದ್ರು?"

ಕಾರ್ಯಕರ್ತೆ ಅವಳಿಗೂ ಹೇಳಲಿಲ್ಲ.