ಮಾಸದ ಅಂಗಿ

ಅಂಗಿಯ ಬೆನ್ನ ಮೇಲಿದ್ದದ್ದು ಬೂಟುಗಾಲಿನ ಗುರುತು. ಎಡವಿ ಬಿದ್ದರೆ ಆಗುವ ಕಲೆ ಅದಲ್ಲ. ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ ಮಗಳನ್ನು ಕೂಗಿದ.

“ಇದೇನೇ ಗುಬ್ಬಿ?”

“ಆಟ ಆಡುವಾಗ ಬಿದ್ದೆ.”

“ಬೆನ್ನಿಗೆ ಬೂಟು ಹಾಕ್ಕೊಂಡು ಬಿದ್ಯಾ?”

ಗುಬ್ಬಿ ಅಂಗಿಯನ್ನು ಕಸಿದು ಬೆನ್ನ ಹಿಂದೆ ಬಚ್ಚಿಟ್ಟಳು. ನಾಲ್ಕನೇ ತರಗತಿಯ ಹುಡುಗಿ, ವಯಸ್ಸಿಗಿಂತ ಪುಟ್ಟ ಮೈ. ಹೋದ ವಾರ ಅವಳ ಕಾಲರಿಗೆ ಶಾಯಿ ಮೆತ್ತಿತ್ತು. ಅದಕ್ಕೂ ಮೊದಲು ಜೇಬು ಹರಿದಿತ್ತು.

ಅಮ್ಮ ಬಟ್ಟೆ ಮಡಿಸುವುದನ್ನು ಬಿಟ್ಟು ಬಂದು ತಲೆ ನೇವರಿಸಿದ ಮೇಲೆ ಒಂದೊಂದೇ ಹೊರಬಂತು. ತರಗತಿಯಲ್ಲಿ ಮೂವರು ಹುಡುಗಿಯರಿದ್ದಾರೆ. ಅವರಲ್ಲಿ ಎರಡು ಜಡೆಯವಳು ಹೇಳಿದ್ದೇ ಉಳಿದಿಬ್ಬರಿಗೆ ವೇದ. ಗುಬ್ಬಿಯ ಡಬ್ಬಿ ಕಸಿದು ಕಸದ ಬುಟ್ಟಿಗೆ ಸುರಿಯುತ್ತಾರೆ. ಅವಳು ಶೌಚಾಲಯಕ್ಕೆ ಹೋದರೆ ಹೊರಗಿನಿಂದ ಚಿಲಕ ಜಡಿಯುತ್ತಾರೆ. ಗಂಟೆ ಹೊಡೆದರೂ ತೆಗೆಯುವುದಿಲ್ಲ.

“ನಾಳೆ ಹೋಗಿ ಟೀಚರ್ ಹತ್ರ ಮಾತಾಡೋಣ ರೀ,” ಎಂದಳು ಹೆಂಡತಿ.

“ಟೀಚರ್ ಒಂದು ಸಲ ಗದರಿಸಿ ಬಿಡ್ತಾರೆ, ಅಷ್ಟೆ. ಆಮೇಲೆ ಚಾಡಿಕೋರಿ ಅಂತ ಇನ್ನೂ ನಾಲ್ಕು ಬೀಳುತ್ತೆ. ಇವಳು ಮೆತ್ತಗಿದ್ದಾಳೆ, ಅದಕ್ಕೇ ಎಲ್ರೂ ತುಳೀತಾರೆ.”

“ಮೆತ್ತಗಿರೋದೂ ತಪ್ಪಾ?”

ಅವನು ಕಂಬಳಿಯೊಂದನ್ನು ದಪ್ಪಗೆ ಮಡಿಸಿ ಎದೆಗೆ ಹಿಡಿದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಹೊಡಿ.”

ಗುಬ್ಬಿ ಮೆಲ್ಲಗೆ ತಟ್ಟಿದಳು.

“ಬಾಗಿಲು ತಟ್ತಾ ಇದ್ದೀಯಾ? ಹಿಂದೆ ಮುಂದೆ ನೋಡದೆ ಬಿಡು ಒಂದು!”

ಸಂಜೆಯಿಡೀ ಹೊಡೆಸಿದ. ಅವಳ ಗೆಣ್ಣುಗಳು ಕೆಂಪಾದವು, ಕಣ್ಣು ತುಂಬಿಬಂತು.

“ಅಪ್ಪಾ, ನಂಗೆ ಯಾರಿಗೂ ಹೊಡೆಯೋಕೆ ಇಷ್ಟ ಇಲ್ಲ.”

“ನೀನು ಹೊಡೆಯೋ ತನಕ ಅವರು ಬಿಡಲ್ಲ, ಪುಟ್ಟಾ.”

ಕೆಲವು ದಿನ ಕಳೆದವು. ಒಂದು ಸಂಜೆ ಅಂಗಿ ಹೋದ ಹಾಗೆಯೇ ಮನೆಗೆ ಬಂತು. ಮಾರನೆಯ ದಿನವೂ ಅಷ್ಟೆ. ಆ ವಾರವೆಲ್ಲ ಒಂದು ಚುಕ್ಕೆ ಕಲೆಯಿಲ್ಲ. ಅವನು ಇಸ್ತ್ರಿ ಹಾಕುತ್ತ ಶಿಳ್ಳೆ ಹೊಡೆದ.

ಮಗಳನ್ನು ಕರೆತರಲು ಹೋದಾಗ ಶಾಲೆಯ ಗೇಟಿನಲ್ಲಿ ಎರಡು ಜಡೆಯವಳು ಗುಬ್ಬಿಗೆ ಕೈ ಬೀಸಿದಳು. ಗುಬ್ಬಿಯೂ ಬೀಸಿದಳು.

“ಒಂದು ಬಿದ್ದಿರಬೇಕು ನೋಡು,” ಮನೆಗೆ ಬಂದವನೇ ಹೆಂಡತಿಗೆ ಹೇಳಿದ. “ಬಾಲ ಮುದುರಿಕೊಂಡಿದ್ದಾಳೆ!”

“ಹಾಗಾದ್ರೆ ಇವಳ ಬಾಯಿಂದ ಮಾತೇ ಯಾಕೆ ಹೊರಡ್ತಿಲ್ಲ?”

“ನಿನಗೆ ಎಲ್ಲದರಲ್ಲೂ ಅನುಮಾನ.”

ಶಾಲೆಯಿಂದ ಫೋನ್ ಬಂದದ್ದು ಮರುದಿನ. ಮುಖ್ಯೋಪಾಧ್ಯಾಯಿನಿಯದು ಗಡಸು ದನಿ. “ನಿಮ್ಮ ಮಗಳು ಒಂದು ಹುಡುಗಿಗೆ ಹೊಡೆದಿದ್ದಾಳೆ. ಈಗಲೇ ಬನ್ನಿ.”

ಗರಿಗರಿ ಅಂಗಿ ತೊಟ್ಟು ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ನನ್ನ ಮಗಳನ್ನು ಕೂಡಿಹಾಕಿದಾಗ ಎಲ್ಲಿದ್ರಿ ಮೇಡಂ? ಅವಳ ಊಟ ಚೆಲ್ಲಿದಾಗ ಎಲ್ಲಿದ್ರಿ? ಬೇಕೆಂದರೂ ತಡೆಯಲಾಗದ ನಗು ಮೀಸೆಯಡಿ ಆಡುತ್ತಿತ್ತು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಎರಡು ಜಡೆಯವಳು ಕಾಣಲಿಲ್ಲ. ಬೆಂಚಿನ ಮೇಲೆ ಒಬ್ಬ ಅಜ್ಜಿ, ಅವಳಿಗೆ ಅಂಟಿಕೊಂಡು ಒಂದನೇ ತರಗತಿಯ ಹುಡುಗಿ. ಮೂಗಿಗೆ ಹತ್ತಿ ತುರುಕಿದ್ದರು. ಹತ್ತಿ ಕೆಂಪಗಿತ್ತು. ಇದು ಬೇರೆ ಯಾರದೋ ಗೋಳು ಎಂದುಕೊಂಡರೂ ಅವನು ಹುಡುಗಿಯ ಮುಂದೆ ಕುಕ್ಕರಿಸಿದ.

“ಅಯ್ಯೋ ಕಂದಾ, ಯಾರು ಹೊಡೆದದ್ದು ನಿನಗೆ? ಅವರ ಕೈ ಸೇದಿಹೋಗ!”

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಟೀಚರ್ ಗುಬ್ಬಿಯನ್ನು ಒಳಗೆ ಕರೆತಂದರು. ಹುಡುಗಿ ಚೀರಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು.

“ಒಂದು ವಾರದಿಂದ ದಿನಾ ಹೊಡೀತಿದ್ದಾಳಂತೆ,” ಎಂದರು ಮುಖ್ಯೋಪಾಧ್ಯಾಯಿನಿ.

ಅವನು ಕುಕ್ಕರಗಾಲಲ್ಲೇ ಮಗಳತ್ತ ತಿರುಗಿದ.

“ಇಷ್ಟು ಚಿಕ್ಕ ಮಗೂಗೆ... ಯಾಕೇ ಗುಬ್ಬಿ?”

“ದಿನಾ ಇವಳಿಗೆ ಹೊಡೆದರೆ ನನ್ನನ್ನ ಬಿಟ್ಟುಬಿಡ್ತೀವಿ ಅಂದ್ರು ಆ ಮೂವರೂ,” ಎಂದಳು ಗುಬ್ಬಿ. “ಬಿಟ್ಟೂಬಿಟ್ರು, ಅಪ್ಪಾ.”