ಉಪ್ಪು ನೋಡುವವಳು

ನಾಳೆಯಿಂದ ಅಮ್ಮ ನನ್ನನ್ನು ಏನೆಂದು ಕರೆಯುತ್ತಾಳೆ? ಮದುವೆಯ ಮುನ್ನಾದಿನ ಮೆಲಾತಿಯ ಮನಸ್ಸಿನಲ್ಲಿ ಸುಳಿದಾಡುತ್ತಿದ್ದದ್ದು ಇದೊಂದೇ. ಸುಲ್ತಾನರ ಕೈಹಿಡಿಯುವ, ಓದಿದ ಹುಡುಗಿ ಇಷ್ಟು ಸಣ್ಣದಕ್ಕೆ ಕೊರಗುತ್ತಾಳೆಂದರೆ ಕೇಳಿದವರು ನಕ್ಕಾರು. ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಹಳದಿ ಪರದೆಗಳಲ್ಲಿ ಸೋಸಿಬಂದ ಮಧ್ಯಾಹ್ನದ ಬೆಳಕು ಅರಮನೆಯ ಒಳಕೋಣೆಯಲ್ಲಿ ಜೇನಿನಂತೆ ನಿಂತಿತ್ತು. ಬೆರಳುಗಳಿಗೆ ಗೋರಂಟಿ ಮೆತ್ತಿಸಿಕೊಂಡು ಮೆಲಾತಿ ಎತ್ತರದ ಪೀಠದ ಮೇಲೆ ಕೂತಿದ್ದಳು. ಕೆಳಗೆ, ಚಾಪೆಯ ಮೇಲೆ, ಅಮ್ಮ ಮಕ್ ಯಾ. ಪಕ್ಕದಲ್ಲಿ ಸುಲ್ತಾನರ ಸೋದರತ್ತೆ ತುಂಕು ಸಫಿಯಾ, ನಾಳೆ ಟೀವಿಯಲ್ಲಿ ಸಾರಲಿರುವ ವಧುವಿನ ವಂಶಾವಳಿಯನ್ನು ಓದುತ್ತಿದ್ದರು.

"ರಾಜನೌಕೆಗಳ ನಾಯಕ ಅವಾಂಗ್ ಸುಲೋಂಗನ ಮರಿಮಗಳು..."

ಮಕ್ ಯಾ ತಲೆವಸ್ತ್ರದ ತುದಿ ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕಳು. "ನಮ್ಮಜ್ಜ ನಾಯಕನೇ? ಆಡು ದಾಟಿಸ್ತಿದ್ದ ತುಂಕು, ಈ ದಡದಿಂದ ಆ ದಡಕ್ಕೆ!"

"ಒಂದ್ಸಲ ಅರಮನೆ ಆಡುಗಳನ್ನೂ ದಾಟಿಸಿದ್ದನಂತೆ. ಅಷ್ಟು ಸಾಕು," ಎಂದರು ತುಂಕು, ನಗದೆ. "ಬಿರುದು ಬಂದ ಮೇಲೆ ದೋಣಿಯೂ ದೊಡ್ಡದಾಗುತ್ತೆ ಮಕ್ ಯಾ."

ಆಮೇಲೆ ಮಾತಿನ ಪಾಠ. ನಾಳೆಯಿಂದ ಮೆಲಾತಿ ಉಣ್ಣುವುದಿಲ್ಲ, ಆರೋಗಿಸುತ್ತಾಳೆ, ಮಲಗುವುದಿಲ್ಲ, ಪವಡಿಸುತ್ತಾಳೆ. ಹೆತ್ತ ತಾಯಿಯಾದರೂ ಕೈ ಹಣೆಗೇರಿಸಿ, ತನ್ನನ್ನು ದಾಸಿಯೆಂದು ಕರೆದುಕೊಂಡೇ ಮಾತಾಡಬೇಕು. ರಾಣಿಯಾದವಳು 'ನಾವು' ಎನ್ನಬೇಕು; ನೀಡಿದ್ದನ್ನು ಹಳಿಯಬಾರದು, 'ಸೊಗಸಾಗಿದೆ' ಎಂದಷ್ಟೇ ನುಡಿಯಬೇಕು.

ಅಮ್ಮ ತಡವರಿಸುತ್ತಾಳೆ, ತನ್ನ ನಾಲಿಗೆಗೆ ತಾನೇ ಬೈದುಕೊಂಡು "ಏ ಸು, ಏನೇ ಇದು!" ಎಂದುಬಿಡುತ್ತಾಳೆ ಎಂದು ಮೆಲಾತಿ ಕಾದಳು. ಸು ಎಂದರೆ ಅವರೂರ ಮಾತಿನಲ್ಲಿ ಕೊನೆಯ ಕೂಸು; ಮನೆಯಲ್ಲಿ ಮೆಲಾತಿಯನ್ನು ಕರೆಯುತ್ತಿದ್ದದ್ದೇ ಹಾಗೆ. ಆದರೆ ಅಮ್ಮ ಹಳದಿ ಬಟ್ಟೆ ಹೊದಿಸಿದ ತಟ್ಟೆಯನ್ನು ಎತ್ತಿ ಹಿಡಿದು, ಕಣ್ಣು ನೆಲಕ್ಕಿಟ್ಟು, ಒಂದಕ್ಷರವೂ ಜಾರದಂತೆ ಹೇಳಿದಳು: "ದಾಸಿಯ ಕಾಣಿಕೆ. ರಾಣಿಸಾಹೇಬರು ಆರೋಗಿಸಬೇಕು."

"ಭೇಷ್!" ಎಂದರು ತುಂಕು.

ಮೆಲಾತಿಗೆ ಪೀಠ ನೀರಿನ ಮೇಲೆ ತೇಲಿಹೋದಂತಾಯಿತು. ಅಮ್ಮ ದಡದಲ್ಲಿ ಉಳಿದು ಚಿಕ್ಕದಾಗುತ್ತಿದ್ದಳು.

ತಟ್ಟೆಯಲ್ಲಿದ್ದುದು ಮನೆಯ ಮೀನಿನ ಹಪ್ಪಳ. ಮನೆಯಲ್ಲಿ ಹಿಟ್ಟು ನಾದಿದ ಮೇಲೆ ಚೂರು ಬೇಯಿಸಿ ಉಪ್ಪು ನೋಡುವುದು ಸುವಿನ ಕೆಲಸ. ಅಮ್ಮನ ಕೈಗೆ ಉಪ್ಪಿನ ಅಂದಾಜು ಎಂದೂ ಸಿಕ್ಕಿದ್ದಿಲ್ಲ. "ನೀನಿಲ್ಲದಿದ್ರೆ ನನ್ನ ಹಪ್ಪಳ ಬೆಕ್ಕೂ ಮೂಸಲ್ಲ ಕಣೇ," ಎನ್ನುತ್ತಿದ್ದಳು.

ಗೋರಂಟಿ ಹಸಿಯಾಗಿತ್ತು. ತುಂಕು ಕಣ್ಸನ್ನೆ ಮಾಡಿದರು. ಅಮ್ಮ ಮಂಡಿಯೂರಿ ಮುಂದೆ ಬಂದು ಒಂದು ಚೂರು ಮುರಿದು ಮಗಳ ಬಾಯಿಗಿಟ್ಟಳು. ಹಪ್ಪಳ ಕರಗಿತು. ಬಾಯಲ್ಲಿ ನದಿಯಿತ್ತು, ಸೌದೆಯ ಹೊಗೆಯಿತ್ತು, ಅಮ್ಮನ ಅಂಗೈಯಿತ್ತು. ಒಂದೇ ಒಂದು ಇರಲಿಲ್ಲ.

"ಹೇಳಿ," ತುಂಕು ಮೆಲ್ಲನೆ ನೆನಪಿಸಿದರು. "ನಾವು ಆರೋಗಿಸಿದೆವು, ಸೊಗಸಾಗಿದೆ."

ಅಮ್ಮ ತಲೆ ಎತ್ತಲಿಲ್ಲ.

"ಅಮ್ಮಾ," ಎಂದಳು ಮೆಲಾತಿ, "ಉಪ್ಪು ಸಾಲ್ದು."