ಹದಿನೇಳು ಸಲ ಒತ್ತಿದ ಬ್ರೇಕು

ಮೂರನೆಯ ತಿರುವಿನಲ್ಲಿ ಮೇಷ್ಟ್ರು ಮೊದಲ ಸಲ ಬ್ರೇಕ್ ಒತ್ತಿದರು. ಕಾರು ನಿಧಾನವಾಯಿತು. ಸ್ಟೀರಿಂಗ್ ಹಿಡಿದಿದ್ದ ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಮೇಷ್ಟ್ರು ಮೊಣಕಾಲಿನ ಮೇಲೆ ಹರಡಿಕೊಂಡಿದ್ದ ಟವಲನ್ನು ಸರಿಮಾಡಿಕೊಂಡು ಮನಸ್ಸಿನಲ್ಲೇ ‘ಒಂದು’ ಎಂದು ಎಣಿಸಿದರು.

ಮೇಷ್ಟ್ರು ಎಂದರೆ ಕಾರು ಕಲಿಸುವ ಮೇಷ್ಟ್ರು. ಡ್ರೈವಿಂಗ್ ಸ್ಕೂಲು ಅವರದೇ, ಈ ಕಾರೂ ಸ್ಕೂಲಿನದೇ. ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಬಳಿ ಇನ್ನೊಂದು. ಹತ್ತೊಂಬತ್ತು ವರ್ಷಗಳಿಂದ ಊರಿನ ದನ, ಕಂಬ, ಕಾಂಪೌಂಡುಗಳೆಲ್ಲ ನೆಟ್ಟಗೆ ನಿಂತಿರುವುದು ಈ ಎರಡನೆಯ ಬ್ರೇಕಿನ ಪುಣ್ಯದಿಂದ ಎಂದು ಅವರು ನಂಬಿದ್ದರು. ನಂಬದವರಿಗೆ ನಂಬುವವರೆಗೂ ಹೇಳುತ್ತಿದ್ದರು.

ಹೆಂಡತಿ ಲೈಸೆನ್ಸ್ ಪಡೆದು ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷವೂ ಅವಳು ಸ್ಕೂಲಿನ ಮುಂದಿನ ಕೋಣೆಯಲ್ಲಿ ಫೋನ್ ಎತ್ತಿ, ಅರ್ಜಿಗೆ ಫೋಟೋ ಅಂಟಿಸುತ್ತಾ ಕೂತಿದ್ದಳು. ಬೆಳಗಿನ ಹೆಂಗಸರ ಬ್ಯಾಚಿಗೆ ತಾನು ಕಲಿಸಬೇಕೆಂಬುದು ಅವಳ ಆಸೆ. ಕಲಿಯಲು ಬರುವ ಹೆಂಗಸರೂ ಅದನ್ನೇ ಕೇಳುತ್ತಿದ್ದರು, ಏಕೆಂದರೆ ಮೇಷ್ಟ್ರು ಪಾಠ ಹೇಳುವುದಕ್ಕಿಂತ ಕಿರುಚುವುದೇ ಹೆಚ್ಚು. ಮೇಷ್ಟ್ರು ಮಾತ್ರ ಅವಳು ಕೇಳಿದಾಗಲೆಲ್ಲ ನಕ್ಕು, ಈಜು ಬಾರದವರು ಈಜು ಕಲಿಸಿದ ಹಾಗಾದೀತು ಎನ್ನುತ್ತಿದ್ದರು.

ಲೈಸೆನ್ಸ್ ಪರೀಕ್ಷೆಯ ಮೈದಾನಕ್ಕೆ ಎರಡು ದಿನ ರಜೆ ಬಂತು. ಬೆಟ್ಟದ ಮೇಲಿನ ರೆಸಾರ್ಟಿನಲ್ಲಿ ಕೋಣೆ ಗೊತ್ತಾಯಿತು. ಆಗ ಹೆಂಡತಿ ಒಂದು ಪಂಥ ಕಟ್ಟಿದಳು. ಬೆಟ್ಟ ಹತ್ತುವಾಗ ಕಾರು ನಾನೇ ಓಡಿಸುತ್ತೇನೆ, ನಿಮಗೆ ಒಂದೇ ಒಂದು ಸಲ ಬ್ರೇಕ್ ಒತ್ತಬೇಕಾಗಿ ಬಂದರೂ ಇನ್ನು ಬ್ಯಾಚಿನ ಸುದ್ದಿ ಎತ್ತುವುದಿಲ್ಲ, ಬರದಿದ್ದರೆ ಸೋಮವಾರದಿಂದ ಬ್ಯಾಚು ನನ್ನದು. ಮೇಷ್ಟ್ರ ತಾಯಿ ಅಂಪೈರ್ ಆಗಿ ಹಿಂದಿನ ಸೀಟಿನಲ್ಲಿ ಕೂತರು. ಊರು ದಾಟುವ ಮೊದಲೇ ಅಂಪೈರ್ ಗೊರಕೆ ಹೊಡೆಯುತ್ತಿದ್ದರು.

ಮೊದಲ ಸಲ ಒತ್ತಿದಾಗಲೇ ಮೇಷ್ಟ್ರು ಗೆದ್ದಿದ್ದರು. ಆದರೆ ಅಲ್ಲೇ ಹೇಳಿಬಿಟ್ಟರೆ ಹೆಂಡತಿ ಮುಖ ಊದಿಸಿಕೊಂಡು ಕಾರು ತಿರುಗಿಸಿದರೂ ತಿರುಗಿಸಿಯಾಳು. ಅವರಿಗೆ ಗೆಲುವೂ ಬೇಕಿತ್ತು, ರೆಸಾರ್ಟಿನ ಈಜುಕೊಳವೂ ಬೇಕಿತ್ತು. ಲೆಕ್ಕವೆಲ್ಲ ಮೇಲೆ ಹೋದಮೇಲೆ ಒಟ್ಟಿಗೆ ಒಪ್ಪಿಸೋಣವೆಂದು ಬಾಯಿಗೆ ಬೀಗ ಹಾಕಿಕೊಂಡರು.

ರಸ್ತೆ ಕಾಡಿನೊಳಗೆ ಹಾವಿನಂತೆ ಹೊರಳಿಕೊಂಡು ಏರುತ್ತಿತ್ತು. ಕಾಡುಬಾಳೆಯ ಎಲೆಗಳು ಕಿಟಕಿಗೆ ಬಡಿಯುತ್ತಿದ್ದವು. ಮಂಗಗಳ ಸಂಸಾರವೊಂದು ರಸ್ತೆಗಿಳಿಯಿತು, ಮೇಷ್ಟ್ರು ಒತ್ತಿದರು, ಕಾರು ನಿಂತಿತು, ಮಂಗಗಳು ಬದುಕಿದವು. ಅನಾನಸ್ ಮಾರುವವಳ ಗಾಡಿ ಅಡ್ಡ ಬಂತು, ಒತ್ತಿದರು, ಅನಾನಸುಗಳೂ ಬದುಕಿದವು. ತಮ್ಮ ಕಾಲಿನ ಬಗ್ಗೆ ಅವರಿಗೆ ಅಭಿಮಾನ ಉಕ್ಕಿ ಬಂತು. ಹಿಂದೆಲ್ಲ ಬಲ ಹಾಕಿ ತುಳಿಯಬೇಕಿತ್ತು. ಈಚೆಗೆ ಹೂವು ಮುಟ್ಟಿದ ಹಾಗೆ ಮುಟ್ಟಿದರೂ ಸಾಕು. ಇದಕ್ಕೆ ಅವರು ಅನುಭವ ಎನ್ನುತ್ತಿದ್ದರು.

“ಚಳಿಯಾ? ಟವಲ್ ಹೊದ್ದಿದೀರಲ್ಲ,” ಎಂದಳು ಹೆಂಡತಿ.

“ಮಂಡಿಗೆ ಸ್ವಲ್ಪ ಗಾಳಿ ಹೊಡೀತಿದೆ.”

“ಪಾಪ, ಕಾಲಿಗೆ ಇವತ್ತೊಂದು ದಿನ ರಜೆ ಕೊಡಿ.”

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಕ್ಕರು. ಆಗ ಎಣಿಕೆ ಹದಿಮೂರರಲ್ಲಿತ್ತು.

ಮೇಲಿನಿಂದ ಬಸ್ಸೊಂದು ಬಂದದ್ದು ಕಡಿದಾದ ತಿರುವಿನಲ್ಲಿ. ರಸ್ತೆಯೆಲ್ಲ ತನ್ನ ಮಾವನ ಮನೆಯದು ಎಂಬಂತೆ ನಡುಮಧ್ಯದಲ್ಲಿ ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮೇಷ್ಟ್ರ ಜೀವ ಬಾಯಿಗೆ ಬಂತು. ಕಣ್ಣು ಮುಚ್ಚಿ ಎರಡೂ ಕಾಲಿನಲ್ಲಿ ತುಳಿದರು. ಕಣ್ಣು ಬಿಟ್ಟಾಗ ಕಾರು ಬಂಡೆಯ ಪಕ್ಕ ಅಚ್ಚುಕಟ್ಟಾಗಿ ನಿಂತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಾ ಕೆಳಗಿಳಿಯುತ್ತಿತ್ತು. ಹೆಂಡತಿ ಗೇರ್ ಬದಲಿಸಿ ಹೊರಟಳು. ಅವಳ ಮೇಲೆ ಮೇಷ್ಟ್ರಿಗೆ ನಿಜವಾಗಿಯೂ ಕನಿಕರ ಬಂತು. ಇಷ್ಟು ಆಸೆ ಇಟ್ಟುಕೊಂಡವಳಿಗೆ ಸತ್ಯ ಹೇಳಬೇಕಲ್ಲ ಎಂದು ಒಂದು ಗಳಿಗೆ ಸಂಕಟವೂ ಆಯಿತು. ಗಳಿಗೆ ಕಳೆಯಿತು, ಸಂಕಟವೂ ಕಳೆಯಿತು.

ರೆಸಾರ್ಟಿನ ಜಗುಲಿಯಲ್ಲಿ ಟೀ ಬಂತು. ಕೆಳಗೆ ಮಂಜು, ಎದುರಿಗೆ ಈಜುಕೊಳ. ಎಚ್ಚರವಾಗಿದ್ದ ಅಂಪೈರ್ ಸೊಸೆಯ ಬೆನ್ನು ತಟ್ಟಿ, ಕಾರಲ್ಲಿ ಕೂತ ಹಾಗೇ ಆಗಲಿಲ್ಲ, ತೊಟ್ಟಿಲಲ್ಲಿ ಮಲಗಿದ ಹಾಗಿತ್ತು ಎಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ತೊಟ್ಟಿಲು ತೂಗಿದ್ದು ಯಾರು ಅಂತ ಕೇಳಮ್ಮ. ಹದಿನೇಳು ಸಲ ಒತ್ತಿದೀನಿ. ಹದಿನೇಳು.”

ತಾಯಿಯ ಮುಖ ಸಪ್ಪಗಾಯಿತು. ಹೆಂಡತಿ ಸಕ್ಕರೆ ಕಲಕುತ್ತಲೇ ಇದ್ದಳು.

“ಆ ಬಸ್ಸು ಬಂದಾಗಲೂ ನೀವೇನಾ?”

“ನಾನಲ್ದೆ ಇನ್ಯಾರು? ಇಲ್ಲದಿದ್ರೆ ಇಷ್ಟೊತ್ತಿಗೆ ನಮ್ಮನ್ನ ಕೆಳಗೆ ಹುಡುಕ್ತಾ ಇರ್ತಿದ್ರು.”

“ಈ ತಿಂಗಳು ಕಲಿತು ಪಾಸಾದ ಆರು ಜನ ಹೆಂಗಸರು? ಅವರಿಗೂ ಹೀಗೇ ಒತ್ತಿ ಒತ್ತಿ ಕಲಿಸಿದ್ರಾ?”

“ದಿನಾ ಒತ್ತಿದೀನಿ. ಅವರ ಜೀವ ಉಳಿದಿರೋದೇ ಈ ಕಾಲಿಂದ.” ಮೇಷ್ಟ್ರು ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿದರು. “ಪಂಥ ಅಂದ್ರೆ ಪಂಥ. ಇನ್ನು ಬ್ಯಾಚಿನ ಮಾತು ಎತ್ತಬಾರದು.”

ಹೆಂಡತಿ ಒಂದು ಗುಟುಕು ಟೀ ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

“ನಿನ್ನೆ ಗ್ಯಾರೇಜಿಗೆ ಹೋಗಿದ್ದೆ. ನಿಮ್ಮ ಕಡೆಯ ಪೆಡಲನ್ನ ಬ್ರೇಕಿಗೆ ಸೇರಿಸೋ ರಾಡ್ ಮುರಿದಿತ್ತಂತೆ, ನಿಮಗೆ ಫೋನಲ್ಲಿ ಹೇಳಿದ್ದಕ್ಕೆ ‘ಹೂಂ ಹೂಂ’ ಅಂದ್ರಂತೆ, ಮೆಕ್ಯಾನಿಕ್ ಅದನ್ನ ಬಿಚ್ಚಿಟ್ಟು ಒಂದು ತಿಂಗಳಾಯ್ತಂತೆ.”